ಪಟ್ಟಿಯಲ್ಲಿ ಹೆಸರಿದೆ, ಅದರ ಜಾಗದಲ್ಲಿಲ್ಲ: ಡೇಟಾಬೇಸಿನ ಅಕಾರಾದಿ ತಪ್ಪಿದಾಗ ಹುಡುಕುವ ಬಗೆ

“ನಿಮ್ಮ ಹೆಸರಿಲ್ಲ ಯಜಮಾನ್ರೇ” ಎಂದು ಗುಮಾಸ್ತರು ಮೂರು ಸಲ ಹೇಳಿದ ಮೇಲೂ ಆ ಹಿರಿಯರು ಕೌಂಟರ್ ಬಿಟ್ಟು ಕದಲಲಿಲ್ಲ. ಸಹಕಾರ ಸಂಘವೊಂದರ ವಾರ್ಷಿಕ ಸಭೆ ಅದು. ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚು ಹಾಕಿದ ಸದಸ್ಯರ ಪಟ್ಟಿಯಲ್ಲಿ ‘ಬಿ’ಯಿಂದ ಶುರುವಾಗುವ ಹೆಸರುಗಳ ಎರಡು ಪುಟವನ್ನೂ ಬೆರಳಿಟ್ಟು ನೋಡಿದ್ದಾಗಿತ್ತು. ಕೊನೆಗೆ ಹೆಸರು ಸಿಕ್ಕಿದ್ದು ಕಟ್ಟಕಡೆಯ ಹಾಳೆಯಲ್ಲಿ, ‘ಜೆಡ್’ ಮುಗಿದ ಮೇಲೆ. ಯಾರೋ ಅವರ ಹೆಸರನ್ನು ಪೂರ್ತಿ ಸಣ್ಣ ಎಬಿಸಿಡಿಯಲ್ಲಿ ಟೈಪ್ ಮಾಡಿದ್ದರು. ಅಂಥ ಇನ್ನಷ್ಟು ಜನ ಅದೇ ಹಾಳೆಯಲ್ಲಿದ್ದರು, ಅವರಲ್ಲಿ ಕೆಲವರು ಆಗಲೇ ಮನೆಗೆ ಹೋಗಿಬಿಟ್ಟಿದ್ದರು. ಆ ಪಟ್ಟಿ ತೆಗೆಯುವ ಕ್ವೆರಿ, ಅಂದರೆ ಡೇಟಾಬೇಸಿಗೆ ಕೊಡುವ ಆದೇಶ, ಬರೆದವನು ನಾನು.

ಹುಡುಕುವವರಿಗೆ ಹೆಸರು ತನ್ನ ಜಾಗದಲ್ಲಿ ಸಿಗದಿದ್ದರೆ ಅದು ಇಲ್ಲದ ಹಾಗೆಯೇ. ಆಮೇಲೆ ಇಂಥ ದೂರು ಎಲ್ಲಿ ಬಂದರೂ ನಾನು ಒಂದೇ ಕ್ರಮದಲ್ಲಿ ನೋಡುತ್ತೇನೆ: ದುಡ್ಡು, ಸಮಯ, ಅಪಾಯ ಯಾವುದೂ ಇಲ್ಲದ ಪರೀಕ್ಷೆ ಮೊದಲು, ಟೇಬಲನ್ನೇ ಮುಟ್ಟುವ ಕೆಲಸ ಕೊನೆಗೆ. ಆ ಕ್ರಮವೇ ಇಲ್ಲಿದೆ. ಆದೇಶಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ಎಂದಿನಂತೆ ಇಂಗ್ಲಿಷಿನಲ್ಲೇ ಇರಲಿ. ಉದಾಹರಣೆಗೆ ಟೇಬಲಿನ ಹೆಸರು ‘ಸದಸ್ಯರು’, ಕಾಲಂಗಳು ‘ಹೆಸರು’ ಮತ್ತು ‘ಸಂಖ್ಯೆ’ ಎಂದಿಟ್ಟುಕೊಳ್ಳಿ.

ಕ್ವೆರಿ ಸರಿಯಾಗಿ ಕಾಣುತ್ತದೆ, ತೆರೆಯ ಮೇಲೆ ಮಾತ್ರ ಕ್ರಮ ತಪ್ಪು

ಡೇಟಾಬೇಸನ್ನು ದೂರುವ ಮೊದಲು ಅದರ ಸ್ವಂತ ಕನ್ಸೋಲಿನಲ್ಲಿ (ಆದೇಶವನ್ನು ನೇರವಾಗಿ ಟೈಪ್ ಮಾಡುವ ಕಿಟಕಿ) ಅದೇ ಕ್ವೆರಿ ಓಡಿಸಿ. ಎರಡು ನಿಮಿಷದ ಕೆಲಸ. ಅಲ್ಲಿ ಕ್ರಮ ಸರಿಯಾಗಿ ಬಂದರೆ ತಪ್ಪು ನಡುವೆ ಎಲ್ಲೋ ಇದೆ. ಸಾಮಾನ್ಯವಾಗಿ ಆಗುವುದು ಇಷ್ಟು: ಡೇಟಾಬೇಸ್ ಸರಿಯಾಗಿ ಜೋಡಿಸಿಕೊಟ್ಟದ್ದನ್ನು ವೆಬ್ ಪುಟದ ಜಾವಾಸ್ಕ್ರಿಪ್ಟ್ ಮತ್ತೊಮ್ಮೆ ಸಾರ್ಟ್ ಮಾಡುತ್ತದೆ. ಜಾವಾಸ್ಕ್ರಿಪ್ಟಿನ ‘ಸಾರ್ಟ್’ ಸುಮ್ಮನೆ ಕರೆದರೆ ಅಕ್ಷರದ ಸಂಕೇತ ಸಂಖ್ಯೆ ನೋಡಿ ಜೋಡಿಸುತ್ತದೆ, ಪೈಥಾನಿನ ‘ಸಾರ್ಟೆಡ್’ ಕೂಡ ಹಾಗೆಯೇ. ಮೊದಲನೆಯದರಲ್ಲಿ ‘ಲೊಕೇಲ್‌ಕಂಪೇರ್’, ಎರಡನೆಯದರಲ್ಲಿ ಕೀ ಜಾಗಕ್ಕೆ ‘ಕೇಸ್‌ಫೋಲ್ಡ್’ ಕೊಟ್ಟರೆ ಸರಿಹೋಗುತ್ತದೆ. ಅದಕ್ಕಿಂತ ಒಳ್ಳೆಯದು, ಆ ಎರಡನೇ ಸಾರ್ಟನ್ನೇ ತೆಗೆದುಹಾಕುವುದು.

ಎಕ್ಸೆಲ್‌ನಲ್ಲಿ ತೆರೆದು “ಇಲ್ಲಿ ಸರಿಯಾಗಿದೆಯಲ್ಲ” ಎನ್ನುವವರೂ ಇದ್ದಾರೆ. ಎಕ್ಸೆಲ್ ತಾನಾಗಿ ದೊಡ್ಡಕ್ಷರ, ಸಣ್ಣಕ್ಷರದ ಭೇದ ಎಣಿಸುವುದಿಲ್ಲ. ಹಾಗಾಗಿ ಅದರ ಸಾಕ್ಷಿ ಇಲ್ಲಿ ನಡೆಯದು.

‘ಎ’ಯಿಂದ ‘ಜೆಡ್’ವರೆಗೆ ಬಂದು, ಮತ್ತೆ ‘ಎ’ಯಿಂದ ಶುರುವಾಗುತ್ತದೆ

ಇದು ಈ ಕಾಯಿಲೆಯ ಮುಖ್ಯ ಲಕ್ಷಣ. ಒಂದೇ ಪಟ್ಟಿಯಲ್ಲಿ ಎರಡು ವರ್ಣಮಾಲೆ ಓಡಿದಂತೆ ಕಂಡರೆ ಡೇಟಾಬೇಸ್ ಅಕ್ಷರ ನೋಡುತ್ತಿಲ್ಲ, ಅಂಕಿ ನೋಡುತ್ತಿದೆ ಎಂದರ್ಥ. ಇಂಗ್ಲಿಷ್ ಅಕ್ಷರಗಳಿಗೆ ಒಂದೊಂದು ಅಂಕಿ ಕೊಟ್ಟಿರುವ ಆಸ್ಕಿ ಕೋಷ್ಟಕದಲ್ಲಿ ದೊಡ್ಡ ‘ಎ’ 65, ದೊಡ್ಡ ‘ಜೆಡ್’ 90. ಸಣ್ಣ ‘ಎ’ 97, ಸಣ್ಣ ‘ಜೆಡ್’ 122. ಪ್ರತಿ ಅಕ್ಷರಕ್ಕೂ ಅದರ ಸಣ್ಣ ರೂಪಕ್ಕೂ ನಡುವೆ 32ರ ಅಂತರ. ಬರೀ ಅಂಕಿ ಹೋಲಿಸಿದರೆ ದೊಡ್ಡಕ್ಷರದ 26 ಮುಗಿಯದೆ ಸಣ್ಣಕ್ಷರದ ಸರದಿ ಬರುವುದೇ ಇಲ್ಲ.

ಕನ್ನಡದಲ್ಲಿ ಬೆಳೆದ ನಮಗೆ ಈ ತಪ್ಪು ತಟ್ಟನೆ ಹೊಳೆಯದಿರಲು ಕಾರಣವಿದೆ. ನಮ್ಮ ಲಿಪಿಯಲ್ಲಿ ದೊಡ್ಡ ‘ಕ’, ಸಣ್ಣ ‘ಕ’ ಎಂಬುದೇ ಇಲ್ಲ. ಫಾರಂ ತುಂಬುವಾಗ ಕ್ಯಾಪಿಟಲ್ ಬಿತ್ತೋ ಸ್ಮಾಲ್ ಬಿತ್ತೋ ಎಂದು ನಮ್ಮ ಕಡೆಯವರು ಅಷ್ಟಾಗಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಅದನ್ನು ಸಂಭಾಳಿಸುವ ಹೊಣೆ ಕ್ವೆರಿ ಬರೆದವರದು.

ಎಲ್ಲಕ್ಕಿಂತ ಸುಲಭದ ಪರಿಹಾರ, ಹೋಲಿಸುವ ಹೊತ್ತಿಗೆ ಮಾತ್ರ ಎಲ್ಲವನ್ನೂ ಸಣ್ಣಕ್ಷರ ಮಾಡಿಕೊಳ್ಳುವುದು:

ಸೆಲೆಕ್ಟ್ ಹೆಸರು ಫ್ರಂ ಸದಸ್ಯರು ಆರ್ಡರ್ ಬೈ ಲೋವರ್(ಹೆಸರು), ಸಂಖ್ಯೆ

ಟೇಬಲಿನಲ್ಲಿರುವುದು ಹಾಗೇ ಉಳಿಯುತ್ತದೆ, ಕಾಣಿಸುವುದೂ ಹಾಗೇ, ಕ್ರಮ ಮಾತ್ರ ಬದಲಾಗುತ್ತದೆ. ಇದು ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಐದರಲ್ಲೂ ನಡೆಯುತ್ತದೆ. ಕೊನೆಯಲ್ಲಿ ‘ಸಂಖ್ಯೆ’ ಏಕೆ ಬೇಕು ಎನ್ನುವುದನ್ನು ಮುಂದೆ ಹೇಳುತ್ತೇನೆ, ಅದನ್ನು ಬಿಡಬೇಡಿ.

ಎರಡನೇ ದಾರಿ ಕೊಲೇಷನ್. ಯಾವ ಅಕ್ಷರ ಯಾವುದಕ್ಕಿಂತ ಮುಂದೆ, ಯಾವುದು ಯಾವುದಕ್ಕೆ ಸಮ ಎಂಬ ನಿಯಮಾವಳಿಗೆ ಡೇಟಾಬೇಸಿನ ಲೋಕದಲ್ಲಿ ಆ ಹೆಸರು. ಎಸ್‌ಕ್ಯೂಲೈಟ್‌ನಲ್ಲಿ ಬೇರೇನೂ ಹೇಳದಿದ್ದರೆ ‘ಬೈನರಿ’ ಕೊಲೇಷನ್ ನಡೆಯುತ್ತದೆ, ಆದ್ದರಿಂದ ಮೊಬೈಲ್ ಆ್ಯಪ್ ಬರೆಯುವವರಿಗೆ ಈ ಎರಡು ವರ್ಣಮಾಲೆಯ ಕಾಟ ಹೆಚ್ಚು. ಅಲ್ಲಿ ‘ಆರ್ಡರ್ ಬೈ ಹೆಸರು ಕೊಲೇಟ್ ನೋಕೇಸ್’ ಎಂದರೆ ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ ಕೊಲೇಷನ್ ಹೆಸರಿನ ಬಾಲವೇ ಅದರ ಗುಣ ಹೇಳುತ್ತದೆ: ‘ಸಿಐ’ ಎಂದಿದ್ದರೆ ದೊಡ್ಡ-ಸಣ್ಣ ಭೇದವಿಲ್ಲ, ‘ಸಿಎಸ್’ ಎಂದರೆ ಇದೆ, ‘ಬಿನ್’ ಎಂದರೆ ಬರೀ ಅಂಕಿ. 8.0 ಆವೃತ್ತಿಯಿಂದ ತಾನಾಗಿ ಸಿಗುವುದು ‘ಯುಟಿಎಫ್8ಎಂಬಿ4_0900_ಎಐ_ಸಿಐ’. ಹಾಗಾಗಿ ಹೊಸ ಮೈಎಸ್‌ಕ್ಯೂಎಲ್‌ನಲ್ಲಿ ಈ ಲಕ್ಷಣ ಕಂಡರೆ ಯಾರೋ ಬೇಕೆಂದೇ ಆ ಕಾಲಂಗೆ ‘ಬಿನ್’ ಕೊಟ್ಟಿದ್ದಾರೆ ಎಂದು ತಿಳಿಯಿರಿ. ಕೊಟ್ಟದ್ದಕ್ಕೆ ಕಾರಣ ಇದ್ದಿರಬಹುದು, ಕೇಳಿ ನೋಡಿ. ‘ಶೋ ಫುಲ್ ಕಾಲಮ್ಸ್ ಫ್ರಂ ಸದಸ್ಯರು’ ಎಂದರೆ ಪ್ರತಿ ಕಾಲಂನ ಕೊಲೇಷನ್ ಕಾಣುತ್ತದೆ. ಡೇಟಾಬೇಸಿನ ಡೀಫಾಲ್ಟ್ ಬದಲಿಸಿದ ಮಾತ್ರಕ್ಕೆ ಹಳೆಯ ಕಾಲಂಗಳು ಬದಲಾಗುವುದಿಲ್ಲ. “ನಿನ್ನೆಯೇ ಬದಲಿಸಿದೆನಲ್ಲ, ಇನ್ನೂ ಹಾಗೇ ಇದೆ” ಎನ್ನುವವರು ನೋಡಬೇಕಾದ ಜಾಗ ಇದೇ.

ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸ್ ಕಟ್ಟುವಾಗ ಕೊಟ್ಟ ಲೊಕೇಲ್ (ಭಾಷೆ ಮತ್ತು ಪ್ರದೇಶದ ಆಯ್ಕೆ) ಮೇಲೆ ಎಲ್ಲವೂ ನಿಂತಿದೆ. ‘ಸಿ’ ಎಂಬ ಕೊಲೇಷನ್ ಇದ್ದರೆ ಎರಡು ವರ್ಣಮಾಲೆ. ಅಮೆರಿಕನ್ ಇಂಗ್ಲಿಷಿನಂಥ ಭಾಷಾ ಲೊಕೇಲ್ ಇದ್ದರೆ ಅಕಾರಾದಿ ತಾನಾಗಿ ಬೆರೆತು ಬರುತ್ತದೆ.

‘ಲೋವರ್’ ಹಾಕಿದೆ, ಏನೂ ಬದಲಾಗಲಿಲ್ಲ

ಉದ್ಧರಣ ಚಿಹ್ನೆ ನೋಡಿ. ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂ ಹೆಸರನ್ನು ಒಂಟಿ ಉದ್ಧರಣದೊಳಗೆ ಬರೆದರೆ ಅದು ಕಾಲಂ ಅಲ್ಲ, ಬರೀ ಒಂದು ಪದ. ಎಲ್ಲ ಸಾಲಿಗೂ ಅದೇ ಪದವಾದ್ದರಿಂದ ಹೋಲಿಸಲು ಏನೂ ಉಳಿಯುವುದಿಲ್ಲ, ಎರರ್ ಕೂಡ ಬರುವುದಿಲ್ಲ. ‘ಆರ್ಡರ್ ಬೈ 1’ ಎಂದರೆ ಮೊದಲ ಕಾಲಂ ಎಂದು ತಿಳಿದವರು ‘ಆರ್ಡರ್ ಬೈ ಲೋವರ್(1)’ ಎಂದು ಬರೆಯುತ್ತಾರೆ. ಅಲ್ಲಿಯೂ ಇದೇ ಕಥೆ. ಆವರಣದೊಳಗೆ ಹೋದೊಡನೆ 1 ಕಾಲಂ ಸಂಖ್ಯೆಯಾಗಿ ಉಳಿಯುವುದಿಲ್ಲ.

ಇದಲ್ಲವಾದರೆ ಕಾಲಂನ ಜಾತಿ ನೋಡಿ. ಮೈಎಸ್‌ಕ್ಯೂಎಲ್‌ನ ‘ಬೈನರಿ’, ‘ವಾರ್‌ಬೈನರಿ’, ‘ಬ್ಲಾಬ್’ ಕಾಲಂಗಳ ಮೇಲೆ ‘ಲೋವರ್’ ಪ್ರಭಾವ ಬೀರುವುದಿಲ್ಲ, ಏಕೆಂದರೆ ಅದರ ಕಣ್ಣಿಗೆ ಅವು ಅಕ್ಷರಗಳೇ ಅಲ್ಲ, ಬರೀ ಬೈಟುಗಳು. ಮೊದಲು ‘ಕನ್ವರ್ಟ್(ಹೆಸರು ಯೂಸಿಂಗ್ ಯುಟಿಎಫ್8ಎಂಬಿ4)’ ಎಂದು ಅಕ್ಷರ ಮಾಡಿಕೊಂಡು, ಅದರ ಮೇಲೆ ‘ಲೋವರ್’ ಹಾಕಬೇಕು.

ಎಸ್‌ಕ್ಯೂಲೈಟ್‌ನಲ್ಲಿ ಇಂಗ್ಲಿಷ್ ಹೆಸರುಗಳು ಸರಿಯಾಗಿ, ಸ್ವರದ ಮೇಲೆ ಚಿಹ್ನೆ ಇರುವ ಫ್ರೆಂಚ್, ಜರ್ಮನ್ ಹೆಸರುಗಳು ಮಾತ್ರ ತಪ್ಪಿದರೆ ಆಶ್ಚರ್ಯಪಡಬೇಡಿ. ಅದರ ‘ನೋಕೇಸ್’ ಮತ್ತು ‘ಲೋವರ್’ ಎರಡೂ ಗುರುತಿಸುವುದು ಆಸ್ಕಿಯ 26 ಅಕ್ಷರಗಳನ್ನಷ್ಟೇ. ಉಳಿದವು ಬೇಕಾದರೆ ಹಲವು ಭಾಷೆಗಳ ಅಕ್ಷರ ನಿಯಮ ಬಲ್ಲ ಐಸಿಯು ಎಂಬ ವಿಸ್ತರಣೆ ಸೇರಿಸಬೇಕು, ಇಲ್ಲವೇ ಆ್ಯಪ್‌ನಲ್ಲೇ ಸ್ವಂತ ಕೊಲೇಷನ್ ನೋಂದಾಯಿಸಬೇಕು.

‘ಲೋವರ್’ ಹಾಕಿದೆ, ಎರರ್ ಬಂತು

ಎರರ್ ಬಂದರೆ ಖುಷಿಪಡಿ. ಸದ್ದಿಲ್ಲದೆ ತಪ್ಪು ಪಟ್ಟಿ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ, ಕಾರಣವನ್ನೂ ಅದೇ ಹೇಳುತ್ತದೆ.

ಒಂದೇ ಥರದ ಸಾಲುಗಳನ್ನು ಒಂದೇ ಸಲ ತೋರಿಸುವ ‘ಡಿಸ್ಟಿಂಕ್ಟ್’ ಜೊತೆಗೆ ಬಳಸಿದ್ದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ: ಯಾವುದರ ಮೇಲೆ ಜೋಡಿಸುತ್ತೀರೋ ಅದು ಆಯ್ಕೆಯ ಪಟ್ಟಿಯಲ್ಲೂ ಇರಬೇಕು. ಎರಡು ಕ್ವೆರಿಗಳ ಫಲ ಕೂಡಿಸುವ ‘ಯೂನಿಯನ್’ ಮಾಡಿದ ಮೇಲೆ ಜೋಡಿಸಲು ಹೊರಟರೂ ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎರಡೂ ತಕರಾರು ತೆಗೆಯುತ್ತವೆ. ಪರಿಹಾರ ಎರಡಕ್ಕೂ ಒಂದೇ. ಇಡೀ ಕ್ವೆರಿಯನ್ನು ಆವರಣದಲ್ಲಿ ಹಾಕಿ ಒಳ ಕ್ವೆರಿ ಮಾಡಿ, ಹೊರಗೆ ನಿಂತು ‘ಆರ್ಡರ್ ಬೈ ಲೋವರ್’ ಹೇಳಿ. ಕಾಲಂಗೆ ‘ಆ್ಯಸ್’ ಎಂದು ಹೊಸ ಹೆಸರಿಟ್ಟು ಆ ಹೊಸ ಹೆಸರನ್ನೇ ‘ಲೋವರ್’ ಒಳಗೆ ಬರೆದರೆ ಮೈಎಸ್‌ಕ್ಯೂಎಲ್ ಸುಮ್ಮನಿರುತ್ತದೆ, ಪೋಸ್ಟ್‌ಗ್ರೆಸ್ ಅಂಥ ಕಾಲಂ ಇಲ್ಲ ಎನ್ನುತ್ತದೆ. ಹೊಸ ಹೆಸರು ಅಲ್ಲಿ ಒಂಟಿಯಾಗಿ ನಿಂತಾಗ ಮಾತ್ರ ಸಲ್ಲುತ್ತದೆ.

ಕೊಲೇಷನ್ ಬೆರೆತಿದೆ ಎಂಬ ಎರರ್ ಬಂದರೆ (ಮೈಎಸ್‌ಕ್ಯೂಎಲ್‌ನಲ್ಲಿ ಅದರ ಸಂಖ್ಯೆ 1267) ಎರಡು ಕಾಲಂಗಳು ಬೇರೆ ಬೇರೆ ನಿಯಮ ಹಿಡಿದು ಕೂತಿವೆ. ಯಾವ ನಿಯಮ ಸಲ್ಲಬೇಕೆಂದು ‘ಕೊಲೇಟ್’ ಬರೆದು ನೀವೇ ಹೇಳಬೇಕು. ಸಂಖ್ಯೆ 1253 ಬಂದರೆ ಕಾಲಂನ ಅಕ್ಷರ ಸಮೂಹವೇ ಬೇರೆ. ‘ಲ್ಯಾಟಿನ್1’ ಕಾಲಂಗೆ ‘ಯುಟಿಎಫ್8ಎಂಬಿ4’ ಕೊಲೇಷನ್ ಹೊಂದುವುದಿಲ್ಲ. ಎಸ್‌ಕ್ಯೂಎಲ್ ಸರ್ವರಿನಲ್ಲಿ ತಾತ್ಕಾಲಿಕ ಟೇಬಲ್ ಬಳಸಿದ್ದರೆ ‘ಟೆಂಪ್‌ಡಿಬಿ’ಯ ಕೊಲೇಷನ್ ನಿಮ್ಮ ಡೇಟಾಬೇಸಿಗಿಂತ ಬೇರೆ ಇದೆಯೇ ನೋಡಿ. ತಾತ್ಕಾಲಿಕ ಟೇಬಲಿನ ಕಾಲಂಗೆ ‘ಡೇಟಾಬೇಸ್_ಡೀಫಾಲ್ಟ್’ ಎಂಬ ಕೊಲೇಷನ್ ಕೊಟ್ಟರೆ ಈ ಜಗಳ ಮುಗಿಯುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಸರಿ, ಸರ್ವರಿನಲ್ಲಿ ತಪ್ಪು

ಕ್ವೆರಿ ಒಂದೇ, ಡೇಟಾ ಒಂದೇ, ಕ್ರಮ ಬೇರೆ. ಇಂಥ ದೂರಿನಲ್ಲಿ ಕ್ವೆರಿಯನ್ನು ತಿದ್ದುತ್ತಾ ಕೂರಬೇಡಿ, ಪರಿಸರ ನೋಡಿ.

ಪೋಸ್ಟ್‌ಗ್ರೆಸ್ ಡಾಕರಿನಲ್ಲಿ (ತಂತ್ರಾಂಶವನ್ನು ಅದರ ಪರಿಸರದ ಸಮೇತ ‘ಇಮೇಜ್’ ಎಂಬ ಕಟ್ಟಾಗಿ ಓಡಿಸುವ ವ್ಯವಸ್ಥೆ) ಓಡುತ್ತಿದ್ದರೆ ಇಮೇಜಿನ ಹೆಸರಲ್ಲಿ ‘ಆಲ್ಪೈನ್’ ಇದೆಯೇ ನೋಡಿ. ಆಲ್ಪೈನ್ ಲಿನಕ್ಸಿನ ಮೂಲ ಗ್ರಂಥಾಲಯ ‘ಮಸಲ್’. ಅದಕ್ಕೆ ಭಾಷೆಗೆ ತಕ್ಕ ವಿಂಗಡಣೆ ತಿಳಿಯದು. ಲೊಕೇಲ್ ಏನೇ ಹೆಸರಿಟ್ಟುಕೊಂಡಿದ್ದರೂ ಹೋಲಿಕೆ ಬೈಟಿನ ಲೆಕ್ಕದಲ್ಲೇ ನಡೆಯುತ್ತದೆ. ಡೆಬಿಯನ್ ಆಧಾರಿತ ಇಮೇಜಿಗೆ ಹೋಗಿ ಎಂದೇ ನಾನು ಹೇಳುವುದು. ಆದರೆ ಹಳೆಯ ಡೇಟಾ ಫೋಲ್ಡರನ್ನು ಹಾಗೇ ಎತ್ತಿ ಹೊಸ ಇಮೇಜಿಗೆ ಜೋಡಿಸಬೇಡಿ, ಡಂಪ್ ತೆಗೆದು ಹೊಸದರಲ್ಲಿ ತುಂಬಿ. ಏಕೆಂಬುದು ಕೊನೆಯ ಲಕ್ಷಣದಲ್ಲಿ ಬರುತ್ತದೆ.

ಒರಾಕಲ್‌ನಲ್ಲಿ ಇನ್ನೂ ಸೂಕ್ಷ್ಮ. ಒಂದೇ ಡೇಟಾಬೇಸ್, ಇಬ್ಬರು ಒಂದೇ ಕ್ವೆರಿ ಓಡಿಸಿದರೂ ಕ್ರಮ ಬೇರೆ ಬರಬಹುದು, ಏಕೆಂದರೆ ‘ಎನ್‌ಎಲ್‌ಎಸ್_ಸಾರ್ಟ್’ ಎಂಬುದು ಸೆಷನ್ನಿನ, ಅಂದರೆ ಆಯಾ ಸಂಪರ್ಕದ, ಸೊತ್ತು. ಸಂಪರ್ಕ ಮಾಡುವ ತಂತ್ರಾಂಶದ ಭಾಷಾ ಆಯ್ಕೆ ಅದನ್ನು ಬದಲಿಸುತ್ತದೆ. ‘ಎನ್‌ಎಲ್‌ಎಸ್_ಸೆಷನ್_ಪ್ಯಾರಾಮೀಟರ್ಸ್’ ಅನ್ನು ಎರಡೂ ಕಡೆ ಓದಿ ಹೋಲಿಸಿ. ‘ಬೈನರಿ’ ಇದ್ದಲ್ಲಿ ‘ಬೈನರಿ_ಸಿಐ’ ಮಾಡಿದರೆ ದೊಡ್ಡ-ಸಣ್ಣ ಭೇದ ಹೋಗುತ್ತದೆ. ಪಕ್ಕದಲ್ಲೇ ಇರುವ ‘ಎನ್‌ಎಲ್‌ಎಸ್_ಕಾಂಪ್’ ಅನ್ನು ಮಾತ್ರ ಯೋಚಿಸದೆ ಬದಲಿಸಬೇಡಿ; ಅದು ಸಾಲುಗಳನ್ನು ಆಯ್ದುಕೊಳ್ಳುವ ‘ವೇರ್’ನ ಹೋಲಿಕೆಗಳನ್ನೂ ಬದಲಿಸಿಬಿಡುತ್ತದೆ.

ಖಾಲಿ ಹೆಸರುಗಳು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ ಬಂದರೆ ಅದಕ್ಕೂ ಅಕ್ಷರಕ್ಕೂ ಸಂಬಂಧವಿಲ್ಲ. ಏರಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಸ್, ಒರಾಕಲ್ ‘ನಲ್’ಗಳನ್ನು ಕೊನೆಗೆ ಇಡುತ್ತವೆ, ಉಳಿದ ಮೂರೂ ಮೊದಲಿಗೆ.

ಎರಡನೇ ಪುಟದಲ್ಲಿ ಅದೇ ಹೆಸರು ಮತ್ತೆ ಬರುತ್ತದೆ, ಇನ್ನೊಬ್ಬರು ಮಾಯ

ಈಗ ‘ಸಂಖ್ಯೆ’ಯ ವಿಷಯ. ‘ಲೋವರ್’ ಹಾಕಿದೊಡನೆ ದೊಡ್ಡಕ್ಷರದಲ್ಲಿ ಬರೆದ ರವಿ, ಸಣ್ಣಕ್ಷರದಲ್ಲಿ ಬರೆದ ರವಿ ಇಬ್ಬರೂ ಸಮ. ಸಮವಾದ ಸಾಲುಗಳಲ್ಲಿ ಯಾವುದು ಮೊದಲು ಎಂದು ಡೇಟಾಬೇಸ್ ಮಾತು ಕೊಟ್ಟಿಲ್ಲ. ಮೊದಲ ಪುಟ ಕೇಳಿದಾಗ ಒಂದು ಕ್ರಮ, ಎರಡನೇ ಪುಟ ಕೇಳಿದಾಗ ಮತ್ತೊಂದು ಕ್ರಮ ಕೊಟ್ಟರೂ ಅದರದು ತಪ್ಪಲ್ಲ. ‘ಲಿಮಿಟ್’, ‘ಆಫ್‌ಸೆಟ್’ ಹಾಕಿ ಪುಟ ಮಾಡುತ್ತಿದ್ದರೆ ಒಬ್ಬ ರವಿ ಎರಡು ಸಲ ಬಂದು, ಇನ್ನೊಬ್ಬ ಬಾರದೇ ಹೋಗಬಹುದು.

ಪರೀಕ್ಷೆಯ ಹತ್ತು ಹೆಸರಿನ ಟೇಬಲಿನಲ್ಲಿ ಇದು ಕಾಣಿಸಿಕೊಳ್ಳುವುದೇ ಇಲ್ಲ, ಊರಿಡೀ ಮಂಜುನಾಥರು, ಲಕ್ಷ್ಮಿಯರು ತುಂಬಿದ ನಿಜವಾದ ಪಟ್ಟಿಯಲ್ಲಿ ಕಾಣಿಸುತ್ತದೆ. ಕೊನೆಗೊಂದು ಎಂದೂ ಪುನರಾವರ್ತನೆಯಾಗದ ಕಾಲಂ ಸೇರಿಸಿದರೆ ಸಮ ಎಂಬುದೇ ಉಳಿಯುವುದಿಲ್ಲ. ಖರ್ಚಿಲ್ಲದ ಪರಿಹಾರ. ಸದಸ್ಯರ ಪಟ್ಟಿ, ಮತದಾರರ ಪಟ್ಟಿ, ಫಲಾನುಭವಿಗಳ ಪಟ್ಟಿ ತೆಗೆಯುವ ಯಾರೂ ಇದನ್ನು ಬಿಡಬಾರದು ಎಂದು ಕೈಮುಗಿದು ಕೇಳುತ್ತೇನೆ.

ದೊಡ್ಡ-ಸಣ್ಣ ಭೇದ ಹೋಯಿತು, ಕೆಲವು ಹೆಸರು ಇನ್ನೂ ದಾರಿ ತಪ್ಪಿವೆ

ಇಲ್ಲಿಂದ ಮುಂದೆ ದೋಷ ನಿಯಮದಲ್ಲಿಲ್ಲ, ಹೆಸರಿನೊಳಗೇ ಇದೆ. ಮೊದಲು ಕೇಳಬೇಕಾದ ಪ್ರಶ್ನೆ: ದಾರಿ ತಪ್ಪಿದವರು ಎಲ್ಲಿ ಕೂತಿದ್ದಾರೆ?

ಪಟ್ಟಿಯ ನೆತ್ತಿಯಲ್ಲಿದ್ದರೆ ಹೆಸರಿನ ಮುಂದೆ ಖಾಲಿ ಜಾಗವಿದೆ. ಅದರ ಅಂಕಿ 32, ಎಲ್ಲ ಅಕ್ಷರಕ್ಕಿಂತ ಕಡಿಮೆ. ‘ಟ್ರಿಮ್’ ಹಾಕಿ. ಹೆಸರಿನ ಮುಂದೆ ಜಾಗ ಕಾಣುತ್ತಿದ್ದರೂ ‘ಟ್ರಿಮ್’ಗೆ ಬಗ್ಗದಿದ್ದರೆ ಅದು ವೆಬ್ ಪುಟದಿಂದಲೋ ವರ್ಡ್‌ನಿಂದಲೋ ಅಂಟಿಕೊಂಡು ಬಂದ ಒಡೆಯದ ಖಾಲಿ ಜಾಗ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದರ ಸಂಖ್ಯೆ 160, ಬೈಟಿನ ಲೆಕ್ಕದಲ್ಲಿ ಜೋಡಿಸಿದರೆ ಅಂಥ ಹೆಸರು ‘ಜೆಡ್’ ದಾಟಿ ಹೋಗುತ್ತದೆ. ‘ರಿಪ್ಲೇಸ್’ ಹಾಕಿಯೇ ತೆಗೆಯಬೇಕು. ಕಣ್ಣಿಗೆ ಕಾಣದ್ದನ್ನು ಕಾಣಿಸಲು ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳಲ್ಲಿ ‘ಹೆಕ್ಸ್(ಹೆಸರು)’, ಒರಾಕಲ್‌ನಲ್ಲಿ ‘ಡಂಪ್(ಹೆಸರು)’ ಇದೆ. ಸಂಶಯ ಬಂದ ಒಂದೇ ಒಂದು ಸಾಲಿನ ಮೇಲೆ ಓಡಿಸಿ. 41 ಎಂದರೆ ದೊಡ್ಡ ‘ಎ’, 61 ಎಂದರೆ ಸಣ್ಣ ‘ಎ’, 20 ಎಂದರೆ ಮಾಮೂಲಿ ಖಾಲಿ ಜಾಗ (ಒರಾಕಲ್ ದಶಮಾನದಲ್ಲಿ ತೋರಿಸುತ್ತದೆ, ಅಲ್ಲಿ 65, 97, 32). ಕಾಯಿಲೆ ಬಯಲಾಗುವುದು ಹೆಚ್ಚಾಗಿ ಇಲ್ಲೇ.

ಬಳಕೆದಾರರ ಲಾಗಿನ್ ಹೆಸರುಗಳಲ್ಲಿ ಅಡಿಗೆರೆ ಇದ್ದರೆ ಒಂದು ವಿಚಿತ್ರ ಎದುರಾಗುತ್ತದೆ. ಬೈಟಿನ ಲೆಕ್ಕದಲ್ಲಿ ಹೋಲಿಸುವ ಡೇಟಾಬೇಸಿನಲ್ಲಿ ‘ಲೋವರ್’ ಹಾಕಿದರೆ ಅಡಿಗೆರೆ ಅಕ್ಷರಗಳಿಗಿಂತ ಮುಂದೆ, ‘ಅಪ್ಪರ್’ ಹಾಕಿದರೆ ಹಿಂದೆ. ಅಡಿಗೆರೆಯ ಅಂಕಿ 95, ಅದು ದೊಡ್ಡ ‘ಜೆಡ್’ನ 90ಕ್ಕೂ ಸಣ್ಣ ‘ಎ’ಯ 97ಕ್ಕೂ ನಡುವೆ ಬರುವುದೇ ಕಾರಣ. ಯಾವುದನ್ನು ಬಳಸಿದರೂ ಎಲ್ಲ ಕಡೆ ಅದನ್ನೇ ಬಳಸಿ.

ನಮ್ಮ ರಾಜ್ಯದ ಪಟ್ಟಿಗಳಲ್ಲಿ ಇನಿಷಿಯಲ್ ತರುವ ತೊಂದರೆ ಇದೆಲ್ಲಕ್ಕಿಂತ ದೊಡ್ಡದು. ಊರಿನ ಹೆಸರು, ತಂದೆಯ ಹೆಸರು ಮುಂದೆ ಬಂದು ಒಬ್ಬರೇ ಮನುಷ್ಯ ಒಂದು ಕಡೆ ‘ಕೆ ಎಸ್ ರವಿ’, ಇನ್ನೊಂದು ಕಡೆ ‘ಕೆ.ಎಸ್.ರವಿ’, ಮತ್ತೊಂದು ಕಡೆ ಅಂತರವಿಲ್ಲದ ‘ಕೆಎಸ್ ರವಿ’. ಖಾಲಿ ಜಾಗ 32, ಚುಕ್ಕಿ 46, ಅಕ್ಷರ ಅದಕ್ಕೂ ಮೇಲೆ. ಹಾಗಾಗಿ ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ಇಬ್ಬರು ‘ಕೆ’ ವಿಭಾಗದ ಆರಂಭದಲ್ಲೇ ಸಿಗುತ್ತಾರೆ, ಮೂರನೆಯವರು ಕಮಲ, ಕೃಷ್ಣ ಎಲ್ಲರೂ ಆದ ಮೇಲೆ. ಇದಕ್ಕೆ ಕೊಲೇಷನ್ ಮದ್ದಲ್ಲ. ಚುಕ್ಕಿ ಮತ್ತು ಖಾಲಿ ಜಾಗ ತೆಗೆದ ರೂಪವನ್ನು ಜೋಡಣೆಗೆ ಮಾತ್ರ ಬಳಸಿ:

ಆರ್ಡರ್ ಬೈ ಲೋವರ್(ರಿಪ್ಲೇಸ್(ರಿಪ್ಲೇಸ್(ಹೆಸರು, ‘.’, ‘’), ‘ ’, ‘’)), ಸಂಖ್ಯೆ

ಹೊಸದಾಗಿ ಟೇಬಲ್ ಕಟ್ಟುವವರಾದರೆ ಇನಿಷಿಯಲ್‌ಗೆ ಬೇರೆ ಕಾಲಂ ಕೊಡಿ. ಹುಡುಕುವವರು ‘ಆರ್’ ಪುಟದಲ್ಲಿ ರವಿಯನ್ನು ಹುಡುಕುತ್ತಾರೋ ‘ಕೆ’ ಪುಟದಲ್ಲೋ ಎಂದು ಪಟ್ಟಿ ಬಳಸುವವರನ್ನೇ ಕೇಳಿ ತಿಳಿಯುವುದು ಲೇಸು.

ಹತ್ತು ಎರಡಕ್ಕಿಂತ ಮೊದಲು ಬಂದರೆ ಅದು ಅಂಕಿಯನ್ನು ಪಠ್ಯವಾಗಿ ಇಟ್ಟ ತಪ್ಪು. ಪೋಸ್ಟ್‌ಗ್ರೆಸ್‌ನ ಐಸಿಯು ಕೊಲೇಷನ್ನಿನಲ್ಲಿ ಇದಕ್ಕೊಂದು ಆಯ್ಕೆಯಿದೆ, ಅದರ ಸಂಕೇತ ‘ಕೆಎನ್’. ಕನ್ನಡ ಭಾಷೆಯ ಸಂಕೇತವೂ ‘ಕೆಎನ್’. ಮೊದಲ ಜಾಗದಲ್ಲಿ ಬರೆದರೆ ಕನ್ನಡ, ‘ಯು’ ಅಕ್ಷರದ ನಂತರ ಬರೆದರೆ ಅಂಕಿಯ ಕ್ರಮ. ಎರಡನ್ನೂ ಕಲಸಿಕೊಂಡು ದಿನವಿಡೀ ಒದ್ದಾಡಿದವರನ್ನು ನೋಡಿದ್ದೇನೆ.

ಕನ್ನಡದ ಹೆಸರುಗಳೆಲ್ಲ ಕೊನೆಗೆ, ಅಲ್ಲೂ ‘ಳ’ ತಪ್ಪು ಜಾಗದಲ್ಲಿ

ಒಂದೇ ಕಾಲಂನಲ್ಲಿ ಇಂಗ್ಲಿಷ್, ಕನ್ನಡ ಎರಡೂ ಇದ್ದರೆ ಬೈಟಿನ ಲೆಕ್ಕದಲ್ಲಿ ಕನ್ನಡ ಕೊನೆಗೇ ಬರುತ್ತದೆ. ಯೂನಿಕೋಡಿನಲ್ಲಿ ನಮ್ಮ ಲಿಪಿಗೆ ಸಿಕ್ಕಿರುವ ಜಾಗ 3200ರಿಂದ 3327, ಇಂಗ್ಲಿಷ್ ಅಕ್ಷರಗಳಿಂದ ಬಹಳ ದೂರ. ‘ಲೋವರ್’ ಇಲ್ಲಿ ಏನೂ ಮಾಡುವುದಿಲ್ಲ, ಕೆಡಿಸುವುದೂ ಇಲ್ಲ.

ಆದರೆ ನಮಗೆ ನಮ್ಮದೇ ತೊಡಕೊಂದಿದೆ. ಶಾಲೆಯಲ್ಲಿ ‘ಶ ಷ ಸ ಹ ಳ’ ಎಂದು ಕಲಿತೆವು. ಯೂನಿಕೋಡಿನಲ್ಲಿ ‘ಳ’ ಬಂದು ಕೂತಿರುವುದು ‘ಲ’ದ ಬೆನ್ನಿಗೆ, ‘ವ’ಕ್ಕಿಂತ ಮುಂಚೆ. ಸಂಕೇತ ಸಂಖ್ಯೆಯಲ್ಲೇ ಜೋಡಿಸಿದರೆ ‘ಬಳೆ’ ಮೊದಲು, ‘ಬಸವ’ ನಂತರ. ನಿಘಂಟಿನಲ್ಲಿ ‘ಬಸವ’ ಮೊದಲು. ಈ ಎರಡು ಪದ ಹಾಕಿ ನೋಡಿದರೆ ನಿಮ್ಮ ಡೇಟಾಬೇಸ್ ಬರೀ ಸಂಖ್ಯೆ ನೋಡುತ್ತಿದೆಯೋ ಕನ್ನಡದ ಕ್ರಮ ಪಾಲಿಸುತ್ತಿದೆಯೋ ಗೊತ್ತಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಕೆಎನ್-ಎಕ್ಸ್-ಐಸಿಯು’ ಕೊಲೇಷನ್ ಕೊಟ್ಟು ಅದೇ ಜೋಡಿಯನ್ನು ಪರೀಕ್ಷಿಸಿ.

ನೋಡಲು ಒಂದೇ ಆಗಿದ್ದೂ ಎರಡು ಜಾಗದಲ್ಲಿ ಕೂರುವ ಹೆಸರುಗಳೂ ಇವೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ತೋರಿಸಲು ‘ಜ್’ ಮತ್ತು ‘ಕು’ ನಡುವೆ ಕಾಣದ ಒಂದು ಅಕ್ಷರ, ಶೂನ್ಯ ಅಗಲದ ವಿಭಜಕ, ಸೇರುತ್ತದೆ. ಒಬ್ಬರು ಅದನ್ನು ಒಂದು ಸಲ, ಇನ್ನೊಬ್ಬರು ಎರಡು ಸಲ ಒತ್ತಿದರೂ ಕಣ್ಣಿಗೆ ಭೇದವಿಲ್ಲ. ‘ಹೆಕ್ಸ್’ನಲ್ಲಿ ಅದು ಮೂರು ಬೈಟಾಗಿ ಸಿಕ್ಕಿಬೀಳುತ್ತದೆ. ಹಾಗೆಯೇ ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತವಾಗಿಯೂ ಬರೆಯಬಹುದು. ಡೇಟಾ ಒಳಗೆ ಬರುವಾಗಲೇ ಬಿಡಿ ಸಂಕೇತಗಳನ್ನು ಕೂಡಿಸಿ ಬರೆಯುವ ‘ಎನ್‌ಎಫ್‌ಸಿ’ ರೂಪಕ್ಕೆ ತಂದರೆ ಈ ಎರಡನೆಯ ತೊಂದರೆ ಇರುವುದಿಲ್ಲ. ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ ‘ನಾರ್ಮಲೈಸ್’ ಎಂಬ ಫಂಕ್ಷನ್ ಇದೆ.

ಕ್ರಮ ಸರಿ, ಆದರೆ ಪುಟ ತೆರೆಯಲು ಬಹಳ ಹೊತ್ತು

ಕೆಲವು ಸಾವಿರ ಸಾಲುಗಳಾದರೆ ಇದರ ಚಿಂತೆ ಬೇಡ. ಲಕ್ಷಗಳಲ್ಲಿದ್ದರೆ ‘ಎಕ್ಸ್‌ಪ್ಲೇನ್’ ಹಾಕಿ ನೋಡಿ, ಡೇಟಾಬೇಸ್ ಕ್ವೆರಿಯನ್ನು ಹೇಗೆ ಓಡಿಸುತ್ತದೆ ಎಂದು ಅದು ತೋರಿಸುತ್ತದೆ. ‘ಹೆಸರು’ ಕಾಲಂ ಮೇಲಿನ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಜೋಡಿಸಿಟ್ಟ ಸೂಚಿ) ‘ಲೋವರ್(ಹೆಸರು)’ ಜೋಡಣೆಗೆ ಉಪಯೋಗಕ್ಕೆ ಬರುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ‘ಯೂಸಿಂಗ್ ಫೈಲ್‌ಸಾರ್ಟ್’, ಪೋಸ್ಟ್‌ಗ್ರೆಸ್‌ನ ‘ಎಕ್ಸ್‌ಪ್ಲೇನ್ ಅನಲೈಸ್’ನಲ್ಲಿ ‘ಎಕ್ಸ್‌ಟರ್ನಲ್ ಮರ್ಜ್’ ಕಂಡರೆ ಪ್ರತಿ ಸಲವೂ ಹೊಸದಾಗಿ ವಿಂಗಡಿಸುತ್ತಿದೆ. ಲೋವರ್(ಹೆಸರು), ಸಂಖ್ಯೆ ಎಂಬ ಜೋಡಿಯ ಮೇಲೇ ಇಂಡೆಕ್ಸ್ ಕಟ್ಟಿ. ಮೈಎಸ್‌ಕ್ಯೂಎಲ್‌ನಲ್ಲಿ ಇದು 8.0.13ರಿಂದ ಸಾಧ್ಯ, ‘ಲೋವರ್’ಗೆ ಇನ್ನೊಂದು ಆವರಣ ಬೇಕು. ಓಡುತ್ತಿರುವ ಪೋಸ್ಟ್‌ಗ್ರೆಸ್ ಸರ್ವರಾದರೆ ‘ಕನ್‌ಕರೆಂಟ್ಲಿ’ ಸೇರಿಸಿ, ಇಲ್ಲದಿದ್ದರೆ ಇಂಡೆಕ್ಸ್ ಮುಗಿಯುವವರೆಗೆ ಆ ಟೇಬಲಿಗೆ ಬರೆಯುವವರೆಲ್ಲ ಕಾಯಬೇಕು.

ಟೇಬಲ್ ಮುಟ್ಟುವ ಮೊದಲು

“ಎಲ್ಲ ಹೆಸರನ್ನೂ ದೊಡ್ಡಕ್ಷರ ಮಾಡಿ ಅಪ್‌ಡೇಟ್ ಹೊಡೆದುಬಿಡೋಣ” ಎಂಬ ಸಲಹೆ ಬಂದೇ ಬರುತ್ತದೆ. ಬೇಡ. ಮೂಲದಲ್ಲಿ ಜನ ಹೇಗೆ ಬರೆದುಕೊಟ್ಟಿದ್ದರು ಎಂಬುದು ಅಳಿಸಿಹೋದರೆ ಮತ್ತೆ ಸಿಗುವುದಿಲ್ಲ. ‘ಇನಿಟ್‌ಕ್ಯಾಪ್’ ಹಾಕಿ ಅಂದಗೊಳಿಸಲು ಹೋದರೆ ಎಚ್‌ಡಿ ಕೋಟೆಯ ‘ಡಿ’ ಸಣ್ಣದಾಗುತ್ತದೆ.

ಕಾಲಂನ ಕೊಲೇಷನ್ನನ್ನೇ ಬದಲಿಸುವುದು ಇನ್ನೂ ಗಂಭೀರ. ‘ಸಿಐ’ ಮಾಡಿದ ಮೇಲೆ ಕ್ರಮವಷ್ಟೇ ಅಲ್ಲ, ಸಮಾನತೆಯೂ ಬದಲಾಗುತ್ತದೆ. ‘ವೇರ್’, ಗುಂಪು ಮಾಡುವ ‘ಗ್ರೂಪ್ ಬೈ’, ಪುನರಾವರ್ತನೆ ತಡೆಯುವ ‘ಯೂನಿಕ್’ ಎಲ್ಲ ಕಡೆ ಎರಡು ರವಿಗಳು ಒಬ್ಬರೇ ಆಗುತ್ತಾರೆ. ದೊಡ್ಡ-ಸಣ್ಣ ಅಕ್ಷರಕ್ಕೆ ಅರ್ಥವಿರುವ ಟೋಕನ್, ಕೂಪನ್, ಕಿರು ಕೊಂಡಿಗಳ ಕಾಲಂಗೆ ಇದನ್ನು ಎಂದಿಗೂ ಮಾಡಬಾರದು. ಮೈಎಸ್‌ಕ್ಯೂಎಲ್‌ನ ‘ಕನ್ವರ್ಟ್ ಟು’ ಇಡೀ ಟೇಬಲನ್ನು ಮತ್ತೆ ಬರೆಯುತ್ತದೆ, ‘ಟೆಕ್ಸ್ಟ್’ ಕಾಲಂ ‘ಮೀಡಿಯಂಟೆಕ್ಸ್ಟ್’ ಆಗಿಬಿಡಲೂಬಹುದು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಆ ಕಾಲಂನ ಇಂಡೆಕ್ಸುಗಳನ್ನು ತೆಗೆಯದೆ ಬದಲಿಸಲು ಬಿಡುವುದೇ ಇಲ್ಲ. ಬ್ಯಾಕಪ್ ತೆಗೆದು, ಅದನ್ನು ಇನ್ನೊಂದು ಯಂತ್ರದಲ್ಲಿ ತುಂಬಿ, ಅಲ್ಲಿ ಪ್ರಯೋಗ ಮಾಡಿದ ಮೇಲಷ್ಟೇ ಅಸಲಿಗೆ ಕೈಹಾಕಿ. ಕನ್ನಡ ಅಕ್ಷರಗಳು ಈಗಾಗಲೇ ಅರ್ಥವಾಗದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತಿದ್ದರೆ ಬದಲಾವಣೆ ಮಾಡಲೇಬೇಡಿ. ಮೊದಲ ಗಾಯದ ಮೇಲೆ ಎರಡನೆಯದಾಗುತ್ತದೆ.

ಹೆಸರು ಕಣ್ಣೆದುರಿದೆ, ಹುಡುಕಿದರೆ ಸಿಗುತ್ತಿಲ್ಲ

ಇಲ್ಲಿ ನಿಲ್ಲಿ. ಪೂರ್ತಿ ಪಟ್ಟಿಯಲ್ಲಿ ಕಾಣುವ ಹೆಸರು ‘ವೇರ್’ ಹಾಕಿದಾಗ ಇಲ್ಲವಾದರೆ, ಅಥವಾ ‘ಯೂನಿಕ್’ ಇದ್ದೂ ಒಂದೇ ಹೆಸರು ಎರಡು ಸಲ ಒಳಗೆ ಬಂದಿದ್ದರೆ, ಅದೂ ಸರ್ವರಿನ ಆಪರೇಟಿಂಗ್ ಸಿಸ್ಟಂ ಬದಲಾದ ಮೇಲೆ ಶುರುವಾಗಿದ್ದರೆ, ಇಂಡೆಕ್ಸ್ ಕೆಟ್ಟಿರುವ ಸಾಧ್ಯತೆ ಬಲವಾಗಿದೆ.

ಪೋಸ್ಟ್‌ಗ್ರೆಸ್ ಹಲವು ಕಡೆ ವಿಂಗಡಣೆಯ ನಿಯಮವನ್ನು ಲಿನಕ್ಸಿನ ಮೂಲ ಗ್ರಂಥಾಲಯವಾದ ‘ಜಿಲಿಬ್‌ಸಿ’ಯಿಂದ ಎರವಲು ಪಡೆಯುತ್ತದೆ. 2018ರಲ್ಲಿ ಬಂದ ಅದರ 2.28 ಆವೃತ್ತಿಯಲ್ಲಿ ಆ ನಿಯಮಗಳು ದೊಡ್ಡ ಮಟ್ಟದಲ್ಲಿ ಬದಲಾದವು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಓದಿದರೆ, ಪುಟಗಳನ್ನು ಕಲಸಿ ಹೊಲಿದ ನಿಘಂಟಿನಲ್ಲಿ ಪದ ಹುಡುಕಿದಂತೆ. ಉಬುಂಟು 18.04ರಲ್ಲಿ 2.27 ಇತ್ತು, ಡೆಬಿಯನ್ 10 ಮತ್ತು ರೆಡ್ ಹ್ಯಾಟ್ 8ರಲ್ಲಿ 2.28 ಬಂತು. ನಿಮ್ಮ ಯಂತ್ರ ಯಾವ ಕಡೆ ಎಂದು ತಿಳಿಯಲು ಅಮೆರಿಕನ್ ಇಂಗ್ಲಿಷ್ ಲೊಕೇಲಿನಲ್ಲಿ ಲಿನಕ್ಸಿನ ‘ಸಾರ್ಟ್’ಗೆ ‘1-1’ ಮತ್ತು ‘11’ ಎಂಬ ಎರಡು ಸಾಲು ಕೊಡಿ. ಹಳೆಯದು ‘11’ ಅನ್ನು ಮೊದಲು ಇಡುತ್ತದೆ, ಹೊಸದು ‘1-1’ ಅನ್ನು. ಮುಖ್ಯ ಸರ್ವರಿನಲ್ಲಿ ಒಂದು ಉತ್ತರ, ಅದರ ನಕಲು ಸರ್ವರಿನಲ್ಲಿ ಇನ್ನೊಂದು ಬಂದರೆ ನಕಲನ್ನು ಬಳಕೆಯಿಂದ ತೆಗೆಯಿರಿ.

ಇಂಡೆಕ್ಸನ್ನು ಹೊಸದಾಗಿ ಕಟ್ಟುವ ‘ರೀಇಂಡೆಕ್ಸ್’ ಇದಕ್ಕೆ ಮದ್ದು, ಆದರೆ ಅಷ್ಟರಲ್ಲೇ ನಕಲಿ ಹೆಸರುಗಳು ಒಳಸೇರಿದ್ದರೆ ‘ಯೂನಿಕ್’ ಇಂಡೆಕ್ಸ್ ಕಟ್ಟಿಕೊಳ್ಳುವುದಿಲ್ಲ. ಯಾವ ಸಾಲು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಕ್ವೆರಿ ಬರೆಯುವವರು ಒಬ್ಬರೇ ಕೂತು ತೀರ್ಮಾನಿಸುವ ವಿಷಯವಲ್ಲ. ಹೊಸ ಬರವಣಿಗೆ ನಿಲ್ಲಿಸಿ, ಫೋಲ್ಡರ್ ಸಮೇತ ಪೂರ್ತಿ ನಕಲು ತೆಗೆದಿಟ್ಟು, ಡೇಟಾಬೇಸ್ ಆಡಳಿತ ಬಲ್ಲವರನ್ನು ಕರೆಯಿರಿ. ಅವರ ಮುಂದೆ ಇಡಬೇಕಾದ್ದು: ಡೇಟಾಬೇಸ್ ಮತ್ತು ಆಪರೇಟಿಂಗ್ ಸಿಸ್ಟಂನ ಆವೃತ್ತಿ, ಕಾಲಂನ ಕೊಲೇಷನ್, ಮೇಲಿನ ‘1-1’ ಪರೀಕ್ಷೆಯ ಉತ್ತರ, ಕೈಗೆ ಸಿಗದ ಒಂದು ಹೆಸರು ಮತ್ತು ಅದರ ಬೈಟುಗಳು, ಕೊನೆಯ ಸಲ ಎಲ್ಲವೂ ಸರಿಯಿದ್ದ ದಿನಾಂಕ.